ಟೇಬಲಿನ ಪಕ್ಕದಲ್ಲಿ ಉಳಿದವರು

ರೋಬೋಟಿಕ್ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ರೋಗಿಯ ಮನೆಯವರು, ವೈದ್ಯರನ್ನು ಕೇಳಲು ಸಂಕೋಚಪಟ್ಟು, ನರ್ಸುಗಳ ಬಳಿ ಬಂದು ಮೆಲ್ಲಗೆ ಕೇಳುವ ಎರಡು ಪ್ರಶ್ನೆಗಳಿವೆ. ‘ಸಿಸ್ಟರ್, ಆಪರೇಷನ್ ಆ ಮಷಿನ್ನೇ ಮಾಡುತ್ತಾ?’ ಎಂಬುದು ಒಂದು. ‘ಡಾಕ್ಟರು ಪಕ್ಕದಲ್ಲೇ ಇರ್ತಾರಲ್ವಾ?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಹೊಟ್ಟೆ, ಪ್ರಾಸ್ಟೇಟ್, ಗರ್ಭಕೋಶ, ಮೂತ್ರಪಿಂಡಗಳ ಶಸ್ತ್ರಚಿಕಿತ್ಸೆಗೆ ಇಂದು ಬಳಸುವ ರೋಬೋಟ್ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ, ಏನನ್ನೂ ಹೊಲಿಯುವುದಿಲ್ಲ. ಶಸ್ತ್ರವೈದ್ಯರ ಬೆರಳುಗಳು ಹೇಗೆ ಚಲಿಸುತ್ತವೆಯೋ ಹಾಗೆ, ಕೈನಡುಕವನ್ನು ಸೋಸಿ, ಚಲನೆಯನ್ನು ಕಿರಿದುಗೊಳಿಸಿ, ರೋಗಿಯ ಒಡಲೊಳಗೆ ಅದನ್ನೇ ಮಾಡುತ್ತದೆ. ಎರಡನೆಯ ಪ್ರಶ್ನೆಗೆ ‘ಅದೇ ಕೋಣೆಯಲ್ಲಿ ಇರುತ್ತಾರೆ’ ಎಂದು ಹೇಳುತ್ತೇನೆ. ಅದು ನಿಜ. ಆದರೆ ಪಕ್ಕದಲ್ಲಿ ಇರುವುದಿಲ್ಲ. ಕೆಲವು ಮೀಟರುಗಳಾಚೆ ಕನ್ಸೋಲ್ ಎಂಬ ಪೆಟ್ಟಿಗೆಯಂತಹ ಯಂತ್ರದೊಳಗೆ ಮುಖವಿಟ್ಟು, ಸ್ಟೆರೈಲ್ (ರೋಗಾಣುರಹಿತ) ಗೌನ್ ಮತ್ತು ಕೈಗವಸುಗಳಿಲ್ಲದೆ ಕುಳಿತಿರುತ್ತಾರೆ. ರೋಗಿಯ ಪಕ್ಕದಲ್ಲಿ ನಿಂತಿರುವವರು ಒಬ್ಬ ಸಹಾಯಕ ವೈದ್ಯರು, ತಲೆಯ ಬಳಿ ಅರಿವಳಿಕೆ ತಜ್ಞರು, ಮತ್ತು ನಾವು.

ನಾನು ಬೆಂಗಳೂರಿನ ಆಸ್ಪತ್ರೆಯೊಂದರ ಥಿಯೇಟರ್ ನರ್ಸ್. ಹೊಟ್ಟೆಯನ್ನು ಉದ್ದಕ್ಕೆ ತೆರೆದು ಮಾಡುತ್ತಿದ್ದ ಶಸ್ತ್ರಚಿಕಿತ್ಸೆಗಳ ಕಾಲದಲ್ಲಿ ಕೆಲಸ ಕಲಿತು, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಬಂದಾಗ ಅದಕ್ಕೆ ಒಗ್ಗಿ, ಈಗ ರೋಬೋಟ್ ಇರುವ ಥಿಯೇಟರಿನಲ್ಲಿ ಸ್ಕ್ರಬ್ ಆಗುತ್ತೇನೆ, ಅಂದರೆ ಕೈ ತೊಳೆದು ಸ್ಟೆರೈಲ್ ಗೌನ್ ತೊಟ್ಟು ಉಪಕರಣ ಕೊಡಲು ಟೇಬಲಿನ ಬಳಿ ನಿಲ್ಲುತ್ತೇನೆ, ಕಿರಿಯರಿಗೆ ಕಲಿಸುತ್ತೇನೆ. ಈ ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಲ್ಲಿ ಯಂತ್ರದ ಬೆಲೆ ಇರುತ್ತದೆ, ಶಸ್ತ್ರವೈದ್ಯರ ಮಾತು ಇರುತ್ತದೆ, ಬೇಗ ಮನೆಗೆ ಹೋದ ರೋಗಿಯ ಸಂತೋಷವೂ ಇರುತ್ತದೆ. ಟೇಬಲಿನ ಪಕ್ಕದಲ್ಲಿ ಏನು ನಡೆಯುತ್ತದೆ ಎಂಬುದು ಮಾತ್ರ ಇರುವುದಿಲ್ಲ. ರೋಬೋಟ್ ಬಂದ ಮೇಲೆ ನರ್ಸುಗಳ ಕೆಲಸ ಹಗುರವಾಯಿತೆಂದು ಆಸ್ಪತ್ರೆಯ ಒಳಗಿನವರೇ ಎಷ್ಟೋ ಮಂದಿ ನಂಬಿದ್ದಾರೆ. ನಾನು ಕಂಡದ್ದು ಅದಕ್ಕೆ ತೀರ ವಿರುದ್ಧವಾದುದು: ಶಸ್ತ್ರವೈದ್ಯರು ರೋಗಿಯಿಂದ ದೂರ ಸರಿದಷ್ಟೂ ಅವರ ಕಣ್ಣು, ಕಿವಿ, ಸ್ಪರ್ಶಗಳ ಒಂದು ಪಾಲು ನಮ್ಮ ಪಾಲಿಗೆ ಬಂದಿದೆ, ಮತ್ತು ಹಾಗೆ ಬಂದ ಹೊಣೆಗೆ ತಕ್ಕ ತರಬೇತಿಯಾಗಲಿ ಅಧಿಕಾರವಾಗಲಿ ನಮ್ಮ ಕೈಗೆ ಇನ್ನೂ ಬಂದಿಲ್ಲ.

ಡಾ ವಿಂಚಿ ಎಂಬ ವ್ಯವಸ್ಥೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೊಟ್ಟೆಯ ಶಸ್ತ್ರಚಿಕಿತ್ಸೆಗಳಲ್ಲಿ ಬಳಸಲು ಅನುಮತಿ ಕೊಟ್ಟದ್ದು 2000ದಲ್ಲಿ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ರೋಬೋಟ್ ಇಂದಿಗೂ ಅದೇ. 2014ರಲ್ಲಿ ಬಂದ ಅದರ ಎಕ್ಸ್‌ಐ ಮಾದರಿ ಭಾರತದ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿದೆ. ಅದಕ್ಕೆ ಮೂರು ಭಾಗ. ವೈದ್ಯರು ಕುಳಿತುಕೊಳ್ಳುವ ಕನ್ಸೋಲ್, ಕ್ಯಾಮೆರಾ ಮತ್ತು ಬೆಳಕಿನ ಸಲಕರಣೆಗಳ ಗೋಪುರ, ಮತ್ತು ರೋಗಿಯ ಮೇಲೆ ಬಾಗಿ ನಿಲ್ಲುವ ನಾಲ್ಕು ತೋಳುಗಳ ಗಾಡಿ. ಶಸ್ತ್ರವೈದ್ಯರಿಗೆ ಮೊದಲನೆಯದೇ ರೋಬೋಟ್. ನಮಗೆ ಮೂರನೆಯದು.

ಬೆಳಗಿನ ಮೊದಲ ಕೇಸಿಗೆ ಆ ನಾಲ್ಕು ತೋಳುಗಳಿಗೆ ಸ್ಟೆರೈಲ್ ಡ್ರೇಪ್ ಹೊದಿಸುವುದರಿಂದ ನಮ್ಮ ಕೆಲಸ ಆರಂಭವಾಗುತ್ತದೆ. ಸ್ಕ್ರಬ್ ಆದವರು ಡ್ರೇಪಿನ ಒಳಭಾಗವನ್ನು ಮುಟ್ಟುವಂತಿಲ್ಲ, ಹೊರಗಿನಿಂದ ಸಹಾಯ ಮಾಡುವ ಸರ್ಕ್ಯುಲೇಟಿಂಗ್ ನರ್ಸ್ ಅದರ ಹೊರಭಾಗವನ್ನು ಮುಟ್ಟುವಂತಿಲ್ಲ. ಇಬ್ಬರ ಕೈಗಳೂ ಒಂದು ಪ್ಲಾಸ್ಟಿಕ್ ಹಾಳೆಯ ಎರಡು ಬದಿಗಳಲ್ಲಿ ಒಂದೇ ತಾಳದಲ್ಲಿ ಸಾಗಬೇಕು. ಉಪಕರಣ ಸಿಕ್ಕಿಸುವ ಜಾಗದಲ್ಲಿ ಡ್ರೇಪಿನ ಅಡಾಪ್ಟರ್ ಸರಿಯಾಗಿ ಕೂರದಿದ್ದರೆ ಯಂತ್ರ ಉಪಕರಣವನ್ನು ಗುರುತಿಸುವುದೇ ಇಲ್ಲ. ಹೊಸಬರಿಗೆ ಇದು ಬಹಳ ಹೊತ್ತು ಹಿಡಿಯುತ್ತದೆ, ಹಿಡಿಯಲೂ ಬೇಕು. ಈ ಹಂತದಲ್ಲಿ ಬಾಗಿಲ ಬಳಿ ನಿಂತು ‘ಸಿಸ್ಟರ್, ಇನ್ನೂ ಆಗಿಲ್ವಾ?’ ಎಂದು ಅವಸರಪಡಿಸುವ ದನಿಗಳಿಗೆ ಕಿವಿಗೊಡಬೇಡಿ ಎಂದೇ ನಾನು ಕಿರಿಯರಿಗೆ ಹೇಳಿಕೊಡುತ್ತೇನೆ.

ಆದರೆ ಡ್ರೇಪಿಂಗಿಗಿಂತ ಹೆಚ್ಚು ಎಚ್ಚರ ಬೇಡುವುದು ರೋಗಿಯನ್ನು ಮಲಗಿಸುವ ಬಗೆ. ರೋಬೋಟಿಕ್ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯನ್ನೇ ತೆಗೆದುಕೊಳ್ಳಿ. ಕರುಳು ತಾನಾಗಿ ಎದೆಯ ಕಡೆಗೆ ಜಾರಿ ಕೆಳಹೊಟ್ಟೆಯಲ್ಲಿ ಜಾಗವಾಗಲೆಂದು ತಲೆಯನ್ನು 25ರಿಂದ 30 ಡಿಗ್ರಿಯಷ್ಟು ಕೆಳಕ್ಕೆ ವಾಲಿಸಿ, ಕಾಲುಗಳನ್ನು ಸ್ಟಿರಪ್‌ಗಳಲ್ಲಿ ಎತ್ತಿ ಕಟ್ಟಿ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಹಲವು ಗಂಟೆಗಳ ಕಾಲ ಹಾಗೇ ಇರಿಸಲಾಗುತ್ತದೆ. ಪ್ರಜ್ಞೆ ಇರುವ ಮನುಷ್ಯನಾದರೆ ಭುಜ ನೋಯುತ್ತಿದೆ, ಕಾಲು ಜೋಮು ಹಿಡಿಯುತ್ತಿದೆ ಎಂದು ಹೇಳಿಯಾನು. ಅರಿವಳಿಕೆಯಲ್ಲಿರುವವನ ಪರವಾಗಿ ಅದನ್ನು ಮೊದಲೇ ಊಹಿಸಬೇಕಾದವರು ನಾವು. ದೇಹ ತಲೆಯ ಕಡೆಗೆ ಸ್ವಲ್ಪವೇ ಜಾರಿದರೂ ಪೋರ್ಟುಗಳು, ಅಂದರೆ ಉಪಕರಣಗಳು ಒಳಹೋಗಲು ಇಟ್ಟ ಕೊಳವೆಗಳು, ಹೊಟ್ಟೆಯ ಗೋಡೆಯನ್ನು ಎಳೆಯುತ್ತವೆ. ಜಾರದಿರಲೆಂದು ಭುಜಕ್ಕೆ ಗಟ್ಟಿಯಾದ ಆಸರೆ ಕೊಟ್ಟರೆ ಕೈಗೆ ಹೋಗುವ ನರಗಳ ಗುಚ್ಛ ನಜ್ಜುಗುಜ್ಜಾಗಬಹುದು. ಅದಕ್ಕಾಗಿಯೇ ಬೆನ್ನಿನ ಕೆಳಗೆ ಜಾರದ ಜೆಲ್ ಹಾಸು, ಮೊಣಕೈಗೆ ಮೆತ್ತೆ, ಕೈಗಳನ್ನು ಮೈಗೆ ಒತ್ತಿ ಸುತ್ತುವ ಬಟ್ಟೆ, ಮೀನಖಂಡದ ಮೇಲೆ ಒತ್ತಡ ಬೀಳದ ಹಾಗೆ ಸ್ಟಿರಪ್. ಹೊತ್ತು ಹೆಚ್ಚಾದಂತೆ ಎತ್ತಿಟ್ಟ ಕಾಲಿಗೆ ರಕ್ತ ಸಾಲದೆ ಸ್ನಾಯುಗಳು ಬಾತು ಸಾಯುವ ಅಪಾಯವಿದೆ. ಅದು ಅಪರೂಪ, ಆದರೆ ಬಂದರೆ ಒಂದು ಸಮಸ್ಯೆಗೆಂದು ಆಸ್ಪತ್ರೆಗೆ ಬಂದ ಮನುಷ್ಯ ಕಾಲಿನ ಸಮಸ್ಯೆ ಹೊತ್ತು ಮನೆಗೆ ಹೋಗುತ್ತಾನೆ. ತಲೆ ಕೆಳಗಾಗಿರುವುದರಿಂದ ಮುಖ, ಕಣ್ಣಿನ ರೆಪ್ಪೆಗಳು ಊದಿಕೊಳ್ಳುತ್ತವೆ. ಕಣ್ಣು ಸರಿಯಾಗಿ ಮುಚ್ಚಿ ಅಂಟಿಸದಿದ್ದರೆ ಕಾರ್ನಿಯಾ ಒಣಗಿ ಗೀರಾಗುತ್ತದೆ. ಮುಖದ ಮೇಲೆ ಕ್ಯಾಮೆರಾ ತೋಳು ಹಾದುಹೋಗುವ ಕಡೆ ಫೋಮ್ ಅಥವಾ ಅಡ್ಡಪಟ್ಟಿ ಇಡದಿದ್ದರೆ ಆ ತೋಳಿನ ಭಾರ ಮುಖದ ಮೇಲೆಯೇ ಬಿದ್ದೀತು.

ಇಷ್ಟೆಲ್ಲವೂ ತೋಳುಗಳನ್ನು ಪೋರ್ಟುಗಳಿಗೆ ಜೋಡಿಸುವ ಮೊದಲೇ ಮುಗಿಯಬೇಕು. ಹೀಗೆ ತೋಳು ಜೋಡಿಸುವುದನ್ನು ಡಾಕಿಂಗ್ ಎನ್ನುತ್ತೇವೆ. ಡಾಕಿಂಗ್ ಆದ ಮೇಲೆ ರೋಗಿ ಡ್ರೇಪುಗಳ ಕೆಳಗೆ, ಯಂತ್ರದ ಕೆಳಗೆ ಮರೆಯಾಗಿಬಿಡುತ್ತಾನೆ. ರೋಬೋಟಿನೊಡನೆ ಹೊಂದಿಕೊಂಡು ಚಲಿಸುವ ವಿಶೇಷ ಟೇಬಲ್ ಇಲ್ಲದ ಕಡೆ, ತೋಳುಗಳನ್ನು ಬಿಡಿಸದೆ ಟೇಬಲಿನ ಕೋನವನ್ನು ಬದಲಿಸುವಂತೆಯೇ ಇಲ್ಲ. ಮೂರು ಗಂಟೆಯ ನಂತರ ‘ಆ ಮೊಣಕೈ ಮೆತ್ತೆ ಸರಿಯಾಗಿತ್ತೇ?’ ಎಂಬ ಅನುಮಾನ ಬಂದರೆ ಡ್ರೇಪಿನ ಅಡಿಯಲ್ಲಿ ಕೈ ತೂರಿಸಿ ತಡಕಾಡಬೇಕು. ನಾನಂತೂ ಡಾಕಿಂಗಿಗೆ ಮುನ್ನ ಒಮ್ಮೆ ಎಲ್ಲರನ್ನೂ ತಡೆದು, ರೋಗಿಯ ತಲೆಯಿಂದ ಹಿಮ್ಮಡಿಯವರೆಗೆ ಗಟ್ಟಿಯಾಗಿ ಹೇಳುತ್ತಾ ಪರೀಕ್ಷಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ 2008ರಿಂದ ಬಳಕೆಗೆ ಬಂದಿದೆ. ಅದರಲ್ಲಿ ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಹೊರಹೋಗುವ ಮೊದಲು ಎಂಬ ಮೂರು ನಿಲುಗಡೆಗಳಿವೆ. ರೋಬೋಟ್ ಇರುವ ಥಿಯೇಟರಿಗೆ ಡಾಕಿಂಗಿನ ಮೊದಲಿನ ನಾಲ್ಕನೆಯ ನಿಲುಗಡೆಯೊಂದು ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಮಾತಿನ ವಿಷಯ. ಇದೇ ನನ್ನನ್ನು ಹೆಚ್ಚು ಕಾಡಿದ್ದು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸ್ಕ್ರಬ್ ನರ್ಸ್ ಮತ್ತು ಶಸ್ತ್ರವೈದ್ಯರ ನಡುವೆ ಮಾತೇ ಬೇಕಿರಲಿಲ್ಲ. ಅವರ ಭುಜ ಬಿಗಿಯಾದರೆ ರಕ್ತಸ್ರಾವವೆಂದು ತಿಳಿಯುತ್ತಿತ್ತು, ಕೈ ಚಾಚಿದ ರೀತಿಯಲ್ಲೇ ಕ್ಲ್ಯಾಂಪ್ ಬೇಕೋ ಕತ್ತರಿ ಬೇಕೋ ಗೊತ್ತಾಗುತ್ತಿತ್ತು. ಈಗ ಅವರ ಬೆನ್ನೋ ಪಕ್ಕೆಯೋ ಮಾತ್ರ ನಮಗೆ ಕಾಣುತ್ತದೆ. ಧ್ವನಿ ಸ್ಪೀಕರಿನಿಂದ ಬರುತ್ತದೆ, ಅದರ ಜೊತೆಗೆ ಯಂತ್ರದ ಫ್ಯಾನಿನ ಸದ್ದು, ಗ್ಯಾಸಿನ ಅಲಾರಂ, ಮಾನಿಟರಿನ ಸದ್ದು. ಅವರಿಗೆ ಕಾಣುವುದು ಹತ್ತು ಪಟ್ಟು ಹಿಗ್ಗಿದ, ಆಳವೂ ತಿಳಿಯುವ ಒಳಗಿನ ಚಿತ್ರ. ಹೊರಗೆ ಎರಡು ತೋಳುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುವುದಾಗಲಿ, ಮೂರನೆಯ ತೋಳು ರೋಗಿಯ ತೊಡೆಯನ್ನು ಒತ್ತುತ್ತಿರುವುದಾಗಲಿ ಅವರಿಗೆ ಕಾಣುವುದಿಲ್ಲ. ಡಾ ವಿಂಚಿಯ ಹಳೆಯ ಪೀಳಿಗೆಯ ಯಂತ್ರಗಳಲ್ಲಿ ಉಪಕರಣದ ತುದಿಗೆ ಎಷ್ಟು ಬಲ ತಗಲುತ್ತಿದೆ ಎಂಬ ಸ್ಪರ್ಶಜ್ಞಾನವೂ ಅವರ ಬೆರಳುಗಳಿಗೆ ತಲುಪುವುದಿಲ್ಲ. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾ ವಿಂಚಿ 5 ಮಾದರಿಯಲ್ಲಿ ಆ ಕೊರತೆಯನ್ನು ತುಂಬುವ ಪ್ರಯತ್ನ ನಡೆದಿದೆ.

ಆದ್ದರಿಂದ ಹೇಳಬೇಕು, ಗಟ್ಟಿಯಾಗಿ ಹೇಳಬೇಕು, ಕೇಳಿಸಿಕೊಂಡವರು ಅದನ್ನು ಮತ್ತೆ ಹೇಳಬೇಕು. ‘ಸಿಸ್ಟರ್, ಆರ್ಮ್ 3, ಫೋರ್ಸೆಪ್ಸ್ ತೆಗೆಯಿರಿ’ ಎಂದಾಗ ‘ಆರ್ಮ್ 3, ಫೋರ್ಸೆಪ್ಸ್ ತೆಗೆಯಲೇ ಸರ್? ಏನನ್ನೂ ಹಿಡಿದಿಲ್ಲ ತಾನೇ?’ ಎಂದು ಕೇಳಿ, ‘ಇಲ್ಲ, ತೆಗೆಯಿರಿ’ ಎಂಬ ಉತ್ತರ ಬಂದ ಮೇಲಷ್ಟೇ ಕೈ ಹಾಕಬೇಕು. ಉಪಕರಣದ ಬಾಯಿ ಕರುಳನ್ನೋ ರಕ್ತನಾಳವನ್ನೋ ಕಚ್ಚಿಕೊಂಡಿರುವಾಗ, ಅಥವಾ ಅದರ ಮಣಿಕಟ್ಟು ಬಾಗಿರುವಾಗ ಎಳೆದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಹೊಸ ಉಪಕರಣ ಒಳಗೆ ಹೋಗುವಾಗ ಅದರ ತುದಿ ಕ್ಯಾಮೆರಾದಲ್ಲಿ ಕಾಣುತ್ತಿರಬೇಕು. ‘ತೋಳು ರೋಗಿಗೆ ತಾಗುತ್ತಿದೆ, ನಿಲ್ಲಿಸಿ’ ಎಂದು ಹೇಳುವುದು ನಮ್ಮ ಕರ್ತವ್ಯ. ಇದನ್ನು ಹೇಳಲು ನಮ್ಮ ಹುಡುಗಿಯರಿಗೆ ಎಷ್ಟು ಧೈರ್ಯ ಬೇಕೆಂಬುದು ಆಸ್ಪತ್ರೆಯ ಏಣಿಶ್ರೇಣಿಯನ್ನು ಬಲ್ಲವರಿಗೆ ಗೊತ್ತು. ‘ಸರ್’ ಎಂದು ಕರೆದ ಮೇಲೆ ‘ನಿಲ್ಲಿಸಿ’ ಎನ್ನುವ ಕ್ರಿಯಾಪದ ಬಾಯಿಂದ ಹೊರಡುವುದೇ ಇಲ್ಲ. ನಾನು ಕೆಲಸ ಮಾಡಿದ ಒಳ್ಳೆಯ ಶಸ್ತ್ರವೈದ್ಯರು ಕೇಸಿನ ಆರಂಭದಲ್ಲೇ, ಎಲ್ಲರೆದುರು, ‘ನನಗೆ ಹೊರಗಿನದು ಕಾಣುವುದಿಲ್ಲ. ಯಾರೇ ನಿಲ್ಲಿಸಿ ಎಂದರೂ ನಿಲ್ಲಿಸುತ್ತೇನೆ’ ಎಂದು ಹೇಳುವ ರೂಢಿ ಇಟ್ಟುಕೊಂಡಿದ್ದಾರೆ. ಆ ಒಂದು ಮಾತಿನಿಂದ ಕೋಣೆಯೇ ಬದಲಾಗುತ್ತದೆ. ಕಿರಿಯ ನರ್ಸ್ ಬಾಯಿ ಬಿಡುತ್ತಾಳೆ.

ಯಂತ್ರ ಕೆಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಡುತ್ತದೆ. 2000ದಿಂದ 2013ರವರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಬಂದ ರೋಬೋಟಿಕ್ ಶಸ್ತ್ರಚಿಕಿತ್ಸೆಯ ಅನಪೇಕ್ಷಿತ ಘಟನೆಗಳ ವರದಿಗಳನ್ನು ಸಂಶೋಧಕರು ಒಟ್ಟುಗೂಡಿಸಿ ಪರಿಶೀಲಿಸಿದಾಗ 10,624 ವರದಿಗಳು ಸಿಕ್ಕವು. ಅವುಗಳಲ್ಲಿ 144 ಸಾವುಗಳು, 1,391 ಗಾಯಗಳು, 8,061 ಯಂತ್ರದೋಷಗಳು ದಾಖಲಾಗಿದ್ದವು. ಅದೇ ಅವಧಿಯಲ್ಲಿ ಅಲ್ಲಿ ಹದಿನೇಳು ಲಕ್ಷಕ್ಕೂ ಹೆಚ್ಚು ಇಂತಹ ಶಸ್ತ್ರಚಿಕಿತ್ಸೆಗಳು ನಡೆದಿದ್ದವು ಎಂಬುದನ್ನೂ ಜೊತೆಗೇ ಹೇಳಬೇಕು, ಇಲ್ಲವಾದರೆ ಓದಿದವರು ಅಕಾರಣವಾಗಿ ಹೆದರುತ್ತಾರೆ. ನನ್ನ ಗಮನ ಸೆಳೆದದ್ದು ದೋಷಗಳ ಬಗೆ: ಸುಟ್ಟ ಅಥವಾ ಮುರಿದ ಉಪಕರಣದ ತುಣುಕುಗಳು ರೋಗಿಯ ದೇಹದೊಳಗೆ ಬೀಳುವುದು ಅವುಗಳಲ್ಲಿ ಪ್ರಮುಖವಾಗಿತ್ತು. ಉಪಕರಣ ಹೊರಬಂದಾಗಲೆಲ್ಲ ಅದರ ತುದಿಯನ್ನು ತಿರುಗಿಸಿ, ವಿದ್ಯುತ್ ನಿರೋಧಕ ಹೊದಿಕೆ ಹರಿದಿದೆಯೇ, ಸಣ್ಣ ತಂತಿ ಬಿಟ್ಟಿದೆಯೇ ಎಂದು ನೋಡುವ ಸ್ಕ್ರಬ್ ನರ್ಸಿನ ಕ್ಷಣಕಾಲದ ನೋಟಕ್ಕೆ ಎಂತಹ ಬೆಲೆಯಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಹೊಲಿಗೆಯ ಸೂಜಿಯ ಲೆಕ್ಕವೂ ಹಾಗೆಯೇ. ಸೂಜಿ ಪೋರ್ಟಿನ ಮೂಲಕ ಒಳಹೋಗುತ್ತದೆ, ಅದೇ ದಾರಿಯಲ್ಲಿ ಹೊರಬರಬೇಕು. ಒಳಹೋದದ್ದನ್ನು ಗಟ್ಟಿಯಾಗಿ ಹೇಳಿ ಬರೆಸುತ್ತೇವೆ, ಹೊರಬಂದದ್ದನ್ನು ತೋರಿಸಿ ಬರೆಸುತ್ತೇವೆ. ಲೆಕ್ಕ ತಪ್ಪಿದರೆ ತೋಳು ಬಿಚ್ಚುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ತುರ್ತು ಅನ್‌ಡಾಕಿಂಗ್. ಹೊಟ್ಟೆಗೆ ಗ್ಯಾಸ್ ತುಂಬುವಾಗಲೇ ಕೆಲವರ ಹೃದಯಬಡಿತ ಇದ್ದಕ್ಕಿದ್ದಂತೆ ಇಳಿಯುವುದುಂಟು. ಗ್ಯಾಸ್ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ನಡುವೆ ಹೃದಯವೇ ನಿಂತರೆ, ಅಥವಾ ದೊಡ್ಡ ರಕ್ತನಾಳ ಹರಿದರೆ, ಎದೆ ಒತ್ತಲೂ ಹೊಟ್ಟೆ ತೆರೆಯಲೂ ರೋಗಿಯ ಮೇಲಿರುವ ಯಂತ್ರ ಮೊದಲು ಸರಿಯಬೇಕು. ಉಪಕರಣಗಳನ್ನು ಹೊರತೆಗೆಯುವುದು, ತೋಳುಗಳನ್ನು ಪೋರ್ಟುಗಳಿಂದ ಬಿಡಿಸುವುದು, ಗಾಡಿಯನ್ನು ಹಿಂದಕ್ಕೆ ಒಯ್ಯುವುದು, ಟೇಬಲನ್ನು ಸಮಕ್ಕೆ ತರುವುದು: ಇಷ್ಟೂ ಒಂದೆರಡು ನಿಮಿಷಗಳಲ್ಲಿ ಮುಗಿಯಬೇಕು. ವಿದ್ಯುತ್ ಹೋಗಿ ಉಪಕರಣ ಅಂಗಾಂಶವನ್ನು ಕಚ್ಚಿಕೊಂಡೇ ನಿಂತರೆ ಅದರ ಬಾಯಿಯನ್ನು ಕೈಯಿಂದ ಬಿಡಿಸಲು ಒಂದು ಪುಟ್ಟ ಕೀಲಿ ಇರುತ್ತದೆ. ಆ ಕೀಲಿ ಎಲ್ಲಿದೆ ಎಂದು ಥಿಯೇಟರಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಯಾರು ಯಾವ ತೋಳು ಬಿಡಿಸುತ್ತಾರೆ, ಗಾಡಿ ಯಾರು ತಳ್ಳುತ್ತಾರೆ, ಹೊಟ್ಟೆ ತೆರೆಯುವ ಉಪಕರಣಗಳ ಓಪನ್ ಟ್ರೇ ಯಾರು ಬಿಚ್ಚುತ್ತಾರೆ ಎಂಬುದನ್ನು ಬೆಳಿಗ್ಗೆಯೇ ಹಂಚಿಕೊಳ್ಳಬೇಕು, ತಿಂಗಳಿಗೊಮ್ಮೆಯಾದರೂ ಖಾಲಿ ಟೇಬಲಿನ ಮೇಲೆ ಅಭ್ಯಾಸ ಮಾಡಬೇಕು. ಕೇಸುಗಳ ಪಟ್ಟಿ ತುಂಬಿರುವ ಆಸ್ಪತ್ರೆಗಳಲ್ಲಿ ಮೊದಲು ಕೈಬಿಟ್ಟುಹೋಗುವುದು ಈ ಅಭ್ಯಾಸವೇ.

ಇದರ ಜೊತೆಗೇ ಬಂದಿರುವ ಇನ್ನೊಂದು ಆತಂಕವಿದೆ. ನಮ್ಮ ಹೊಸ ನರ್ಸುಗಳಲ್ಲಿ ಕೆಲವರು ರೋಬೋಟ್ ಮತ್ತು ಲ್ಯಾಪರೊಸ್ಕೋಪಿಯನ್ನಷ್ಟೇ ನೋಡಿ ಬೆಳೆಯುತ್ತಿದ್ದಾರೆ. ಯಂತ್ರ ಸರಿಸಿ ಹೊಟ್ಟೆ ತೆರೆಯಬೇಕಾಗಿ ಬಂದ ಗಳಿಗೆಯಲ್ಲಿ ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ದೊಡ್ಡ ರಿಟ್ರ್ಯಾಕ್ಟರನ್ನು ಜೋಡಿಸುವುದು, ರಕ್ತ ಒತ್ತಿ ಹೀರಿಸುವ ಬಟ್ಟೆಯ ಮಾಪ್ ಒಂದರ ಹಿಂದೊಂದು ಕೊಡುವುದು, ನಾಳದ ಕ್ಲ್ಯಾಂಪನ್ನು ಕೇಳುವ ಮೊದಲೇ ಅಂಗೈಗೆ ಇಡುವುದು ಅವರ ಕೈಗೆ ಹತ್ತಿರುವುದಿಲ್ಲ. ಓಪನ್ ಶಸ್ತ್ರಚಿಕಿತ್ಸೆ ಹಳೆಯದಾಯಿತು ಎಂದು ತಿಳಿಯುವುದೂ ತಪ್ಪು. ಆರಂಭದ ಹಂತದ ಗರ್ಭಕಂಠದ ಕ್ಯಾನ್ಸರಿಗೆ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ, ಸಣ್ಣ ರಂಧ್ರಗಳ ಮೂಲಕ ಮಾಡಿಸಿಕೊಂಡವರಿಗಿಂತ ಹೊಟ್ಟೆ ತೆರೆದು ಮಾಡಿಸಿಕೊಂಡವರ ಬದುಕುಳಿಯುವಿಕೆ ಉತ್ತಮವಾಗಿತ್ತು ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು; ಅದರ ನಂತರ ಜಗತ್ತಿನ ಬಹಳಷ್ಟು ಕಡೆ ಆ ಕೇಸುಗಳು ಓಪನ್ ಪಟ್ಟಿಗೆ ಮರಳಿದವು. ಹಾಗಾಗಿ ರೋಬೋಟಿಕ್ ತಂಡಕ್ಕೆ ಸೇರಿದ ನರ್ಸನ್ನು ವರ್ಷಪೂರ್ತಿ ಅಲ್ಲೇ ಕಟ್ಟಿಹಾಕದೆ ಓಪನ್ ಥಿಯೇಟರಿಗೂ ಕಳಿಸಬೇಕು. ಒಂದೇ ತಂಡ ಕಾಯಂ ಇದ್ದರೆ ಕೆಲಸ ಸುಗಮವಾಗುತ್ತದೆ ಎಂಬುದೂ ನಿಜವೇ. ಎರಡನ್ನೂ ಹೊಂದಿಸುವುದಕ್ಕೆ ಹೆಚ್ಚು ಜನ ಬೇಕು, ಆಡಳಿತ ಮಂಡಳಿಗಳಿಗೆ ರುಚಿಸದ ಉತ್ತರ ಅದು.

ಕೊನೆಯ ಹೊಲಿಗೆ ಬಿದ್ದ ಮೇಲೂ ರೋಬೋಟಿನ ಕೆಲಸ ಮುಗಿಯುವುದಿಲ್ಲ. ಎಂಟು ಮಿಲಿಮೀಟರ್ ದಪ್ಪದ ಆ ಉದ್ದನೆಯ ಉಪಕರಣದ ಒಳಗೆ ಸಪೂರ ತಂತಿಗಳು, ಪುಟ್ಟ ಗಾಲಿಗಳು ಇರುತ್ತವೆ, ಬಿಚ್ಚಿ ತೊಳೆಯುವಂತಿಲ್ಲ. ರಕ್ತ ಒಣಗುವ ಮೊದಲೇ ನೆನೆಹಾಕಿ, ನಿಗದಿತ ರಂಧ್ರಗಳಿಂದ ಒತ್ತಡದ ನೀರು ಹಾಯಿಸಿ, ಮಣಿಕಟ್ಟನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತಾ ಬ್ರಷ್ ಮಾಡಿ, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿಟ್ಟು, ನಂತರವೇ ಹಬೆಯ ಆಟೋಕ್ಲೇವ್. ಕ್ಯಾಮೆರಾಕ್ಕೆ ಆ ಬಿಸಿ ಆಗದು, ಅದಕ್ಕೆ ಕಡಿಮೆ ಉಷ್ಣಾಂಶದ ಬೇರೆಯೇ ವಿಧಾನ. ಇದನ್ನೆಲ್ಲ ಮಾಡುವ, ಆಸ್ಪತ್ರೆಯ ಉಪಕರಣ ಶುದ್ಧೀಕರಣ ವಿಭಾಗವಾದ ಸಿಎಸ್‌ಎಸ್‌ಡಿ ಸಿಬ್ಬಂದಿಯ ಹೆಸರನ್ನು ರೋಬೋಟಿಕ್ ಯಶೋಗಾಥೆಗಳಲ್ಲಿ ನಾನು ಎಂದೂ ಓದಿಲ್ಲ. ಪ್ರತಿ ಉಪಕರಣಕ್ಕೂ ಬಳಕೆಯ ಮಿತಿಯಿದೆ: ಹಿಂದೆ ಬಹುತೇಕವು 10 ಬಾರಿಗೆ ಮುಗಿಯುತ್ತಿದ್ದವು, 2020ರ ನಂತರ ಹಲವಕ್ಕೆ ಅದು 12ರಿಂದ 18ರವರೆಗೆ ಏರಿತು. ಎಣಿಕೆಯನ್ನು ಯಂತ್ರವೇ ಇಡುತ್ತದೆ. ಅದರ ಖರ್ಚು ಕೊನೆಗೆ ರೋಗಿಯ ಬಿಲ್ಲಿಗೆ ಬರುತ್ತದೆ. ಆದ್ದರಿಂದ ವೈದ್ಯರು ನಿಜವಾಗಿ ಕೇಳುವವರೆಗೆ ಉಪಕರಣ ಜೋಡಿಸದಿರುವುದು, ಒಂದೇ ಉಪಕರಣದಿಂದ ಎರಡು ಕೆಲಸ ಸಾಧ್ಯವಾದರೆ ನೆನಪಿಸುವುದು, ಇವೂ ನರ್ಸಿನ ವಿವೇಕಕ್ಕೆ ಸೇರಿದವು. ಆಸ್ತಿ ಅಡವಿಟ್ಟು ಬಂದ ಕುಟುಂಬಗಳನ್ನು ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ.

ಇಷ್ಟನ್ನು ನಾವು ಕಲಿಯುವುದು ಎಲ್ಲಿಂದ? ಬಹುಪಾಲು ಯಂತ್ರದ ಕಂಪನಿಗಳವರು ಕೊಡುವ ತರಬೇತಿಯಿಂದ, ಉಳಿದದ್ದು ಒಬ್ಬರನ್ನೊಬ್ಬರು ನೋಡಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಚೌಕಟ್ಟಿನಲ್ಲಿ ಥಿಯೇಟರ್ ನರ್ಸಿಂಗಿಗೆ ಒಂದು ವರ್ಷದ ಡಿಪ್ಲೊಮಾ ಇದೆ, ಆದರೆ ರೋಬೋಟಿಕ್ ಥಿಯೇಟರುಗಳಲ್ಲಿ ನಾನು ಕಂಡ ಬಹುತೇಕ ನರ್ಸುಗಳು ಜಿಎನ್‌ಎಂ ಅಥವಾ ಬಿಎಸ್ಸಿ ಎಂಬ ಸಾಮಾನ್ಯ ನರ್ಸಿಂಗ್ ಕೋರ್ಸು ಮುಗಿಸಿ ನೇರವಾಗಿ ಬಂದವರು. ಕಂಪನಿಯ ತರಬೇತಿ ಗುಂಡಿಗಳನ್ನು ಚೆನ್ನಾಗಿ ಕಲಿಸುತ್ತದೆ. ರೋಗಿಯ ಮೀನಖಂಡದ ಬಗ್ಗೆ, ‘ನಿಲ್ಲಿಸಿ ಸರ್’ ಎನ್ನುವ ಧೈರ್ಯದ ಬಗ್ಗೆ ಕಲಿಸುವುದು ಅದರ ಕೆಲಸವೂ ಅಲ್ಲ. ಹೀಗೆ ಕಷ್ಟಪಟ್ಟು ಪಳಗಿದ ನರ್ಸ್ ಕೊಲ್ಲಿ ರಾಷ್ಟ್ರಗಳಿಗೋ ಐರ್ಲೆಂಡಿಗೋ ಹೊರಟುಹೋದಾಗ ಆಕೆಯ ಅನುಭವವೂ ಆಕೆಯೊಂದಿಗೇ ಹೋಗುತ್ತದೆ. ಅದನ್ನು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಆಕೆಯನ್ನು ದೂರುವುದು ನನಗೆ ಸಾಧ್ಯವಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ನಂಬಿ ಒಪ್ಪಿಸುವವರು ಸಂಬಳದ ಪಟ್ಟಿಯಲ್ಲಿ ಆ ನಂಬಿಕೆಯನ್ನು ತೋರಿಸುವುದಿಲ್ಲ.

ಈಗ ದೂರ ಇನ್ನೂ ಹೆಚ್ಚುತ್ತಿದೆ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕುಳಿತ ಶಸ್ತ್ರವೈದ್ಯರು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಹಿಳೆಯೊಬ್ಬರ ಪಿತ್ತಕೋಶವನ್ನು ತೆಗೆದಿದ್ದರು. ಬಹುಕಾಲ ಅದೊಂದು ಅಚ್ಚರಿಯಾಗಿಯೇ ಉಳಿದಿತ್ತು. 2025ರ ಜನವರಿಯಲ್ಲಿ ಭಾರತದಲ್ಲೇ ತಯಾರಾದ ಎಸ್‌ಎಸ್‌ಐ ಮಂತ್ರ ರೋಬೋಟಿನ ಮೂಲಕ ಗುರುಗ್ರಾಮದಲ್ಲಿ ಕುಳಿತ ವೈದ್ಯರು ಜೈಪುರದ ರೋಗಿಗೆ ಹೃದಯದ ಶಸ್ತ್ರಚಿಕಿತ್ಸೆ ನಡೆಸಿದರು. ನಾನು ಓದಿದ ಸುದ್ದಿಗಳಲ್ಲಿ ಕಿಲೋಮೀಟರುಗಳ ಲೆಕ್ಕವಿತ್ತು, ಸಿಗ್ನಲ್ ತಡವಾಗುವ ಮಿಲಿಸೆಕೆಂಡುಗಳ ಲೆಕ್ಕವಿತ್ತು. ಜೈಪುರದ ಆ ಟೇಬಲಿನ ಪಕ್ಕದಲ್ಲಿ ನಿಂತಿದ್ದವರನ್ನು ಹುಡುಕಿದೆ, ಸಿಗಲಿಲ್ಲ. ಈ ತಂತ್ರಜ್ಞಾನವನ್ನು ನಾನು ಸ್ವಾಗತಿಸುತ್ತೇನೆ. ಬೀದರಿನಿಂದಲೋ ರಾಯಚೂರಿನಿಂದಲೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ವಾರಗಟ್ಟಲೆ ಲಾಡ್ಜಿನಲ್ಲಿ ಉಳಿಯುವ ಕ್ಯಾನ್ಸರ್ ರೋಗಿಗಳಿಗೆ ಅದು ಎಂತಹ ನೆಮ್ಮದಿ ಕೊಡಬಲ್ಲುದು ಎಂದು ನನಗೆ ಗೊತ್ತು. ಆದರೆ ವೈದ್ಯರು ಬೆಂಗಳೂರಿನಲ್ಲಿದ್ದು ರೋಗಿ ರಾಯಚೂರಿನಲ್ಲಿದ್ದಾಗ ರಕ್ತನಾಳ ಹರಿದರೆ, ಕನ್ಸೋಲಿನಿಂದ ಎದ್ದು ನಾಲ್ಕು ಹೆಜ್ಜೆ ಓಡಿಬರಲು ಯಾರೂ ಇರುವುದಿಲ್ಲ. ಅಲ್ಲಿ ಹೊಟ್ಟೆ ತೆರೆಯಬಲ್ಲ ಶಸ್ತ್ರವೈದ್ಯರೊಬ್ಬರು ಸ್ಕ್ರಬ್ ಆಗಿ ನಿಂತಿರಬೇಕು, ಓಪನ್ ಮತ್ತು ರೋಬೋಟ್ ಎರಡರಲ್ಲೂ ಪಳಗಿದ ನರ್ಸುಗಳಿರಬೇಕು, ಅನ್‌ಡಾಕಿಂಗಿನ ಅಭ್ಯಾಸ ದಾಖಲೆಯಲ್ಲಿರಬೇಕು, ಯಂತ್ರವನ್ನು ನಿಲ್ಲಿಸುವ ಅಧಿಕಾರ ಟೇಬಲಿನ ಬಳಿ ಇರುವವರಿಗೆ ಲಿಖಿತವಾಗಿ ಸಿಕ್ಕಿರಬೇಕು. ರೋಗಿಯ ಒಪ್ಪಿಗೆ ಪತ್ರದಲ್ಲಿ ಶಸ್ತ್ರವೈದ್ಯರು ಯಾವ ಊರಿನಲ್ಲಿರುತ್ತಾರೆ ಎಂಬುದರ ಜೊತೆಗೆ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದೂ ಇರಬೇಕು. ನಮ್ಮ ರಾಜ್ಯದಲ್ಲಿ ಇಂತಹ ನಿಯಮಗಳನ್ನು ಬರೆಯಲು ಸಮಿತಿ ಕೂತಾಗ ಶಸ್ತ್ರವೈದ್ಯರು, ಎಂಜಿನಿಯರುಗಳು, ಕಂಪನಿಯವರು ಹೇಗೂ ಇರುತ್ತಾರೆ. ಜಿಲ್ಲಾ ಆಸ್ಪತ್ರೆಯ ಥಿಯೇಟರ್ ಸಿಸ್ಟರ್ ಒಬ್ಬರನ್ನೂ ಅಲ್ಲಿಗೆ ಕರೆಯಬೇಕು, ಕರಡು ಸಿದ್ಧವಾದ ಮೇಲೆ ಅಲ್ಲ, ಮೊದಲ ಸಭೆಗೇ.